ತೋಳಿನ ಮೇಲಿನ ಗುರುತು: ಇಂಗ್ಲೆಂಡಿನ ಬಡವರ ಕಾನೂನು, ಸಭೆ ಮತ್ತು ಜನರ ಸಮ್ಮತಿ

1942ರ ಡಿಸೆಂಬರ್ ತಿಂಗಳ ಆರಂಭದಲ್ಲಿ ಲಂಡನ್ ನಗರದ ಕಿಂಗ್ಸ್‌ವೇ ಬೀದಿಯಲ್ಲಿದ್ದ ಸರಕಾರಿ ಪ್ರಕಟಣೆಗಳ ಮಳಿಗೆಯ ಎದುರು ಸುಮಾರು ಒಂದು ಮೈಲಿ ಉದ್ದದ ಜನರ ಸಾಲು ನಿಂತಿತ್ತು. ಅದು ಮಹಾಯುದ್ಧದ ನಾಲ್ಕನೆಯ ಚಳಿಗಾಲ. ಸಾಲಿನಲ್ಲಿ ನಿಲ್ಲುವುದು ಆ ನಗರಕ್ಕೆ ಹೊಸದಾಗಿರಲಿಲ್ಲ. ಆದರೆ ಆಗ ಜನರು ಕಾದು ನಿಂತದ್ದು ಬೆಣ್ಣೆಗಾಗಿಯೋ ಮಾಂಸಕ್ಕಾಗಿಯೋ ಅಲ್ಲ, ಕೋಷ್ಟಕಗಳಿಂದ ಕಿಕ್ಕಿರಿದ ಸುಮಾರು ಮುನ್ನೂರು ಪುಟಗಳ ಒಂದು ಸರಕಾರಿ ವರದಿಗಾಗಿ. ಬೆಲೆ ಎರಡು ಶಿಲ್ಲಿಂಗ್. ಹೆಸರು ‘ಸಾಮಾಜಿಕ ವಿಮೆ ಮತ್ತು ಸಂಬಂಧಿತ ಸೇವೆಗಳು’. ಬರೆದವರು ಸರ್ ವಿಲಿಯಂ ಬೆವರಿಜ್. ಸಂಕ್ಷಿಪ್ತ ಆವೃತ್ತಿಯೂ ಸೇರಿ ಅದರ ಆರು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಎರಡು ವಾರಗಳೊಳಗೆ ನಡೆದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ನೂರಕ್ಕೆ 95 ಮಂದಿ ವರದಿಯ ವಿಷಯ ತಮಗೆ ತಿಳಿದಿದೆಯೆಂದರು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಅದನ್ನು ಜಾರಿಗೆ ತರಲೇಬೇಕೆಂದರು.

ಸಭಾಚರಿತ್ರೆಯ ಪಾಠಗಳಲ್ಲಿ ಈ ಪ್ರಸಂಗ ಬಂದಾಗ ಅದರ ಪಕ್ಕದಲ್ಲಿಯೇ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ಲರ ಹೆಸರು ಬರುತ್ತದೆ. ಅದೇ ವರ್ಷ ಅವರು ಕ್ಯಾಂಟರ್ಬರಿಯ ಪೀಠವನ್ನೇರಿದ್ದರು. ಅದೇ ವರ್ಷ ‘ಕ್ರೈಸ್ತತ್ವ ಮತ್ತು ಸಾಮಾಜಿಕ ವ್ಯವಸ್ಥೆ’ ಎಂಬ ಅವರ ಚಿಕ್ಕ ಪುಸ್ತಕ ಅಗ್ಗದ ಬೆಲೆಯಲ್ಲಿ ಹೊರಬಂದು ಲಕ್ಷಕ್ಕೂ ಮಿಕ್ಕಿ ಖರ್ಚಾಗಿತ್ತು. ಪ್ರಜೆಗಳ ಹಿತಕ್ಕಾಗಿ ನಡೆಯುವ ರಾಜ್ಯವೆಂಬ ಅರ್ಥದಲ್ಲಿ ‘ಕಲ್ಯಾಣರಾಜ್ಯ’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬಳಕೆಗೆ ತಂದವರಲ್ಲಿ ಅವರೂ ಒಬ್ಬರು. ಇದೆಲ್ಲವೂ ನಿಜ. ಆದರೆ ಈ ವೃತ್ತಾಂತವನ್ನು ಟೆಂಪಲ್ಲರಿಂದಲೇ ಆರಂಭಿಸುವವರು ಅರ್ಧ ಚರಿತ್ರೆಯನ್ನಷ್ಟೇ ಹೇಳುತ್ತಾರೆ, ಅದೂ ಸಭೆಗೆ ಅನುಕೂಲವಾದ ಅರ್ಧವನ್ನು. ಅಂಥ ಸಾಲು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ತೆರಿಗೆ ಕೊಡುವವನು ತನ್ನ ಹಣ ನೆರೆಯವನ ಹಸಿವಿಗೆ ಹೋಗಲೆಂದು ಮನಸಾರೆ ಒಪ್ಪಬೇಕಾದರೆ ಏನಾಗಬೇಕು? ಆ ಒಪ್ಪಿಗೆ ಯಾವಾಗ ಒಣಗುತ್ತದೆ? ಇಂಗ್ಲೆಂಡಿನ ನಾಲ್ಕು ಶತಮಾನಗಳ ದಾಖಲೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆಯೆಂದು ನನಗೆ ತೋರುತ್ತದೆ: ಸಹಾಯವು ಎಷ್ಟು ದೊಡ್ಡದು ಎಂಬುದಕ್ಕಿಂತ, ಕೊಡುವವನೂ ಪಡೆಯುವವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೋ ಬೇರೆ ಬೇರೆ ಬಾಗಿಲುಗಳಿಂದ ಬರುತ್ತಾರೋ ಎಂಬುದರ ಮೇಲೆ ಜನರ ಸಮ್ಮತಿ ನಿಂತಿತು. ಬಾಗಿಲುಗಳನ್ನು ಬೇರೆ ಮಾಡಿದವರಲ್ಲಿ ಬಿಷಪರೂ ಇದ್ದರು ಎಂಬುದನ್ನು ನಾವು ಮರೆಯಲಾಗದು.

ಆರಂಭವು ದೇವಾಲಯದೊಳಗೇ ಆಯಿತು. 1536ರಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ಎಂಟನೆಯ ಹೆನ್ರಿಯು ಸನ್ಯಾಸಿಮಠಗಳನ್ನು ಮುಚ್ಚಿಸಿದಾಗ ಅವುಗಳ ಬಾಗಿಲಲ್ಲಿ ದೊರೆಯುತ್ತಿದ್ದ ರೊಟ್ಟಿಯೂ ನಿಂತಿತು. ಬಡವರ ಹೊಣೆ ಪ್ಯಾರಿಷ್ ಎಂಬ ಸ್ಥಳೀಯ ಸಭಾವಲಯದ ಮೇಲೆ ಬಿತ್ತು. ಮೊದಲು ಅದು ಭಾನುವಾರದ ಕಾಣಿಕೆಯಾಗಿತ್ತು. 1552ರ ಕಾಯಿದೆಯು ಪ್ರತಿ ಪ್ಯಾರಿಷಿನಲ್ಲಿ ಇಬ್ಬರು ಸಂಗ್ರಾಹಕರನ್ನು ನೇಮಿಸಿ, ಪ್ರತಿಯೊಬ್ಬನೂ ವಾರಕ್ಕೆಷ್ಟು ಕೊಡುವನೆಂದು ಮೃದುವಾಗಿ ಕೇಳಿ ಬರೆದುಕೊಳ್ಳಬೇಕೆಂದಿತು. ಕೊಡಲೊಲ್ಲದವನಿಗೆ ಸಭಾಪಾಲಕನು ಬುದ್ಧಿಹೇಳಬೇಕು. ಆಗಲೂ ಕೇಳದಿದ್ದರೆ ಬಿಷಪರು ಕರೆಸಿ ಬುದ್ಧಿಹೇಳಬೇಕು. ಹನ್ನೊಂದು ವರ್ಷಗಳಲ್ಲಿ ಬುದ್ಧಿಮಾತಿನ ಶಕ್ತಿ ಎಷ್ಟೆಂಬುದು ಸ್ಪಷ್ಟವಾಗಿರಬೇಕು. 1563ರ ಕಾಯಿದೆಯ ಪ್ರಕಾರ ಬಿಷಪರ ಮಾತಿಗೂ ಬಗ್ಗದವನನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಬಹುದಾಗಿತ್ತು. ಅವರು ಅವನ ಪಾಲನ್ನು ನಿಗದಿಮಾಡಿ, ಕೊಡದಿದ್ದರೆ ಸೆರೆಮನೆಗೆ ಕಳುಹಿಸಬಹುದಾಗಿತ್ತು. 1572ರಲ್ಲಿ ಅದು ನೇರವಾಗಿ ಕಡ್ಡಾಯ ತೆರಿಗೆಯಾಯಿತು. 1601ರ ಎಲಿಜಬೆತ್ ರಾಣಿಯ ಪ್ರಸಿದ್ಧ ಬಡವರ ಕಾನೂನು ಈ ಎಲ್ಲವನ್ನೂ ಒಟ್ಟುಗೂಡಿಸಿ, ಸಭಾಪಾರುಪತ್ಯಗಾರರೂ ಬಡವರ ಮೇಲ್ವಿಚಾರಕರೂ ಸೇರಿ ತೆರಿಗೆ ಎತ್ತಿ ಹಂಚಬೇಕೆಂದು ವಿಧಿಸಿತು.

ಕಾಣಿಕೆಯು ತೆರಿಗೆಯಾದ ಈ ಪಯಣವನ್ನು ಭಕ್ತಿಯ ಸೋಲೆಂದು ಓದುವವರುಂಟು. ನಾನು ಹಾಗೆ ಓದಲಾರೆ. ನಮ್ಮ ಭಾಷೆಯಲ್ಲಿ ಬಾಗಿಲಿಗೆ ಬಂದವನಿಗೆ ಹಾಕುವ ಹಿಡಿ ಅಕ್ಕಿಯೂ ‘ಧರ್ಮ’ವೇ, ಮೋಶೆಯ ಮೂಲಕ ಬಂದ ಕಟ್ಟಳೆಗಳನ್ನು ನಮ್ಮ ಸತ್ಯವೇದವು ಕರೆಯುವುದೂ ‘ಧರ್ಮಶಾಸ್ತ್ರ’ವೆಂದೇ. ಒಂದೇ ಪದ, ಆದರೆ ಎರಡು ಬೇರೆ ಲೋಕಗಳು. ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು, ಮರೆತ ಸಿವುಡಿಗಾಗಿ ಹಿಂದಿರುಗಬಾರದು ಎಂಬ ವಿಧಿಯು ರೈತನ ಔದಾರ್ಯಕ್ಕೆ ಬಿಟ್ಟ ಮಾತಲ್ಲ. ಆ ತೆನೆ ಪರದೇಶಿಗೂ ವಿಧವೆಗೂ ಸೇರತಕ್ಕದ್ದು. ರೂತಳು ಬೋವಜನ ಹೊಲಕ್ಕೆ ಹೋದದ್ದು ಈ ವಿಧಿಯ ಬಲದಿಂದ. ಅವನ ವಿಶೇಷ ದಯೆ ಆಮೇಲೆ ಬಂತು. ಬಡವನ ಪಾಲು ಕೊಡುವವನ ಮನಸ್ಸನ್ನು ಕಾಯುತ್ತ ಕೂರಬಾರದು ಎಂಬುದನ್ನು ಹದಿನಾರನೆಯ ಶತಮಾನದ ಇಂಗ್ಲೆಂಡ್ ಅನುಭವದಿಂದ ಕಲಿಯಿತು.

ಆದರೆ ಆ ಕಾನೂನಿನ ಬಲವೇ ಅದರ ರೋಗವೂ ಆಯಿತು. ಪ್ಯಾರಿಷ್ ಚಿಕ್ಕದು, ಅಲ್ಲಿ ಯಾರ ತೆರಿಗೆ ಯಾರ ಮಡಕೆಗೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಪರಿಚಯದಿಂದ ಕರುಣೆ ಹುಟ್ಟುವಂತೆ ಲೆಕ್ಕಾಚಾರವೂ ಹುಟ್ಟುತ್ತದೆ. ಯಾರು ಯಾವ ಪ್ಯಾರಿಷಿಗೆ ಸೇರಿದವರೆಂದು ನಿರ್ಣಯಿಸುವ 1662ರ ಕಾಯಿದೆಯ ತರುವಾಯ, ಹುಟ್ಟುವ ಮಗು ತಮ್ಮ ಲೆಕ್ಕಕ್ಕೆ ಬಾರದಿರಲೆಂದು ಅವಿವಾಹಿತ ಗರ್ಭಿಣಿಯರನ್ನು ಗಡಿದಾಟಿಸಿದ ಮೇಲ್ವಿಚಾರಕರಿದ್ದರು. 1697ರ ಕಾಯಿದೆ ಇನ್ನೂ ಮುಂದೆ ಹೋಯಿತು. ಸಹಾಯ ಪಡೆಯುವವನೂ ಅವನ ಹೆಂಡತಿಮಕ್ಕಳೂ ಬಲತೋಳಿನ ಭುಜದ ಮೇಲೆ, ಎಲ್ಲರಿಗೂ ಕಾಣುವಂತೆ, ಕೆಂಪು ಅಥವಾ ನೀಲಿ ಬಟ್ಟೆಯಲ್ಲಿ ಕತ್ತರಿಸಿದ ‘ಪಿ’ ಅಕ್ಷರವನ್ನೂ ಅದರೊಂದಿಗೆ ಪ್ಯಾರಿಷಿನ ಹೆಸರಿನ ಮೊದಲಕ್ಷರವನ್ನೂ ಧರಿಸತಕ್ಕದ್ದು. ಧರಿಸದಿದ್ದರೆ ಸಹಾಯ ನಿಲ್ಲುವುದು, ಇಲ್ಲವೇ ಛಡಿಯೇಟು. ಎಲ್ಲ ಪ್ಯಾರಿಷುಗಳೂ ಇದನ್ನು ಒಂದೇ ಬಿಗಿಯಿಂದ ನಡೆಸಲಿಲ್ಲ. ಆದರೂ ಕಾಯಿದೆಯು 1810ರವರೆಗೆ ಪುಸ್ತಕದಲ್ಲಿ ಉಳಿಯಿತು. ಆ ಗುರುತು ತೊಟ್ಟವರು ಭಾನುವಾರ ಆರಾಧನೆಗೆ ಬರುತ್ತಿದ್ದರು. ಗುರುತು ಹಂಚಿದ ಪಾರುಪತ್ಯಗಾರನೂ ಅದೇ ದೇವಾಲಯದಲ್ಲಿ ಕುಳಿತಿರುತ್ತಿದ್ದನು. (ಕ್ರಿಸ್ಮಸ್ ಸಮಯದಲ್ಲಿ ವಿಧವೆಯರನ್ನು ಹೆಸರು ಕೂಗಿ ವೇದಿಕೆಗೆ ಕರೆದು, ದಾನಿಗಳ ಕೈಯಿಂದ ಸೀರೆ ಕೊಡಿಸಿ, ಪಟ ತೆಗೆಸುವ ಸಮಾರಂಭಗಳನ್ನು ಕಂಡಿರುವ ನಾವು ಆ ಪಾರುಪತ್ಯಗಾರನನ್ನು ತೀರ ಅಪರಿಚಿತನೆಂದು ಹೇಳಲಾರೆವು.)

ಗುರುತಿನ ಉದ್ದೇಶ ತೆರಿಗೆದಾರನಿಗೆ ಭರವಸೆ ಕೊಡುವುದಾಗಿತ್ತು: ನಿಜವಾಗಿ ಗತಿಯಿಲ್ಲದವನಲ್ಲದೆ ಬೇರಾರೂ ಇದಕ್ಕೆ ಕೈಯೊಡ್ಡುವುದಿಲ್ಲ ಎಂದು. ಆದರೆ ಭರವಸೆ ಹುಟ್ಟಲಿಲ್ಲ, ಸಂದೇಹವೇ ಬೆಳೆಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಾಮೂಹಿಕ ಭೂಮಿಗೆ ಬೇಲಿ ಬಿದ್ದು ಕೂಲಿಕಾರನ ಹಸುವಿಗೂ ಮೇವಿಲ್ಲದಂತಾಯಿತು; ಫ್ರಾನ್ಸಿನೊಂದಿಗೆ ಯುದ್ಧ ನಡೆಯಿತು; ಬೆಳೆ ಕೆಟ್ಟು ರೊಟ್ಟಿಯ ಬೆಲೆ ಏರಿತು. 1795ರಲ್ಲಿ ಬರ್ಕ್‌ಷೈರಿನ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ಕೂಡಿ, ರೊಟ್ಟಿಯ ಬೆಲೆಗೂ ಮಕ್ಕಳ ಸಂಖ್ಯೆಗೂ ತಕ್ಕಂತೆ ಕೂಲಿಗೆ ಪೂರಕಹಣ ಕೊಡುವ ಕ್ರಮವನ್ನು ಗೊತ್ತುಮಾಡಿದರು. ಬಡವರ ತೆರಿಗೆ 1803ರಲ್ಲಿ ಸುಮಾರು 40 ಲಕ್ಷ ಪೌಂಡುಗಳಿದ್ದದ್ದು 1818ರ ಹೊತ್ತಿಗೆ 80 ಲಕ್ಷದ ಸಮೀಪಕ್ಕೆ ಬಂತು. ಕೊಡುವವರ ಗೊಣಗಾಟ ಸಿದ್ಧಾಂತಕ್ಕಾಗಿ ಕಾಯುತ್ತಿತ್ತು. ಸಿದ್ಧಾಂತವನ್ನು ಕೊಟ್ಟವರು ಒಬ್ಬ ಯಾಜಕರು.

ಥಾಮಸ್ ರಾಬರ್ಟ್ ಮಾಲ್ಥಸ್ ಆಂಗ್ಲಿಕನ್ ಸಭೆಯ ದೀಕ್ಷೆ ಪಡೆದವರು. ಜನಸಂಖ್ಯೆಯು ಆಹಾರವನ್ನು ಮೀರಿ ಬೆಳೆಯುತ್ತದೆಂಬ ಅವರ ಪ್ರಬಂಧ 1798ರಲ್ಲಿ ಬಂತು. 1803ರ ವಿಸ್ತೃತ ಆವೃತ್ತಿಯಲ್ಲಿ ಅವರು ಬಡವರ ಕಾನೂನನ್ನು ಹಂತಹಂತವಾಗಿ ತೊಡೆದುಹಾಕುವ ಒಂದು ವಿಧಾನವನ್ನು ಸೂಚಿಸಿದರು: ಗೊತ್ತಾದ ದಿನದ ತರುವಾಯ ನಡೆದ ಮದುವೆಗಳಿಂದ ಹುಟ್ಟುವ ಮಕ್ಕಳಿಗೆ ಪ್ಯಾರಿಷಿನ ಸಹಾಯದ ಹಕ್ಕು ಇರಕೂಡದು. ಈ ನಿಯಮವನ್ನು ಬಡವರಿಗೆ ತಿಳಿಸುವವರು ಯಾರು? ಸಭಾಪಾಲಕರೇ. ದೇವಾಲಯದಲ್ಲಿ ಮದುವೆಯ ಪ್ರಕಟಣೆಯಾದ ಮೇಲೆ ಅವರು ವಧೂವರರಿಗೆ ಒಂದು ಚಿಕ್ಕ ಭಾಷಣವನ್ನು ಓದಬೇಕು. ಮಕ್ಕಳನ್ನು ಸಾಕುವ ನಿರೀಕ್ಷೆಯಿಲ್ಲದೆ ಮದುವೆಯಾಗುವುದು ಅನೀತಿಯೆಂದೂ, ಇನ್ನು ಮುಂದೆ ಪ್ಯಾರಿಷ್ ಕೈಹಿಡಿಯದೆಂದೂ ಎಚ್ಚರಿಸಬೇಕು. ಮಾಲ್ಥಸ್ ಕ್ರೂರಿಯಾಗಿರಲಿಲ್ಲ. ಕಾನೂನಿನ ಸಹಾಯವೇ ಬಡವರನ್ನು ಹೆಚ್ಚಿಸಿ ಕೊನೆಗೆ ಅವರಿಗೇ ಹೆಚ್ಚಿನ ಸಂಕಟ ತರುತ್ತದೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆ ಭಾಷಣವನ್ನು ಯಾವ ಕಾನೂನೂ ಕಡ್ಡಾಯಗೊಳಿಸಲಿಲ್ಲ. ಆದರೆ ಮದುವೆಯ ಆಶೀರ್ವಾದ ನೀಡುವ ಬಾಯಿಂದಲೇ ಅದನ್ನು ಹೇಳಿಸಬಹುದೆಂದು ಒಬ್ಬ ಯಾಜಕರಿಗೆ ಸಹಜವಾಗಿ ತೋರಿತು ಎಂಬ ಸಂಗತಿ ಆ ಕಾಲದ ಸಭೆಯ ಬಗ್ಗೆ ಬಹಳಷ್ಟನ್ನು ತಿಳಿಸುತ್ತದೆ.

1832ರಲ್ಲಿ ಬಡವರ ಕಾನೂನಿನ ವಿಚಾರಣೆಗೆ ರಾಜಾಯೋಗ ನೇಮಕವಾದಾಗ ಅದರ ಅಧ್ಯಕ್ಷರಾದವರು ಲಂಡನಿನ ಬಿಷಪ್ ಚಾರ್ಲ್ಸ್ ಜೇಮ್ಸ್ ಬ್ಲಾಮ್‌ಫೀಲ್ಡ್. ಸದಸ್ಯರಲ್ಲಿ ಒಬ್ಬರು ಚೆಸ್ಟರಿನ ಬಿಷಪ್ ಜಾನ್ ಬರ್ಡ್ ಸಮ್ನರ್. ಅವರು ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪರಾದರು. ಸಮ್ನರ್ 1816ರಷ್ಟು ಹಿಂದೆಯೇ ಮಾಲ್ಥಸರ ತತ್ತ್ವವನ್ನು ದೇವರ ಪರಾಂಬರಿಕೆಯ ಉಪದೇಶದೊಂದಿಗೆ ಹೊಂದಿಸಿ ಗ್ರಂಥ ಬರೆದಿದ್ದರು. ಬ್ಲಾಮ್‌ಫೀಲ್ಡರಂತೂ ಲಂಡನಿನ ಬಡ ವಸತಿಗಳಿಗಾಗಿ ದೇವಾಲಯಗಳನ್ನು ಕಟ್ಟಿಸುವುದರಲ್ಲಿ ಅಪಾರ ಶ್ರಮ ವಹಿಸಿದವರು. ವರದಿಯನ್ನು ಬರೆದವರು ಮುಖ್ಯವಾಗಿ ಅರ್ಥಶಾಸ್ತ್ರಜ್ಞ ನಸಾವ್ ಸೀನಿಯರ್ ಮತ್ತು ಎಡ್ವಿನ್ ಚಾಡ್ವಿಕ್; ಸಹಿ ಹಾಕಿ ಅದಕ್ಕೆ ಗೌರವ ತಂದವರು ಬಿಷಪರು. 1834ರಲ್ಲಿ ಕಾಯಿದೆಯಾದ ಹೊಸ ವ್ಯವಸ್ಥೆಯ ತತ್ತ್ವವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಸಹಾಯ ಪಡೆಯುವವನ ಸ್ಥಿತಿ ಅತ್ಯಂತ ಬಡ ಕೂಲಿಕಾರನ ಸ್ಥಿತಿಗಿಂತ ಕೀಳಾಗಿರಬೇಕು. ದುಡಿಯಬಲ್ಲವನಿಗೆ ಮನೆಯಲ್ಲಿರುವಾಗ ಸಹಾಯವಿಲ್ಲ. ಬೇಕಾದರೆ ವರ್ಕ್‌ಹೌಸಿಗೆ ಬರಲಿ. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಒಳಗೆ ಬರಲು ಒಪ್ಪುವುದೇ ನಿಜವಾದ ಬಡತನದ ಪರೀಕ್ಷೆ.

ದುಡಿಯಲೊಲ್ಲದವನು ಉಣ್ಣಲೂಬಾರದೆಂದು ಪೌಲನು ಥೆಸಲೋನಿಕದವರಿಗೆ ಕೊಟ್ಟ ಅಪ್ಪಣೆಯನ್ನು ಆ ದಿನಗಳ ಪ್ರಸಂಗಪೀಠಗಳು ಮರೆಯಲಿಲ್ಲ. ಮನಸ್ಸಿಲ್ಲದವನ ಕುರಿತು ಹೇಳಿದ ಆ ಮಾತನ್ನು ಕೆಲಸವಿಲ್ಲದವನಿಗೆ ಅನ್ವಯಿಸಬಹುದೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ವಿಧವೆಯರ ಪಟ್ಟಿಗೆ ಅರವತ್ತು ವರ್ಷದ ಮಿತಿಯೂ ಸತ್ಕ್ರಿಯೆಗಳ ಸಾಕ್ಷಿಯೂ ಬೇಕೆಂದಿರುವುದು ನಿಜ. ಸಭೆಯ ಚೀಲ ಚಿಕ್ಕದಾಗಿದ್ದಾಗ ಆಯ್ಕೆ ಅನಿವಾರ್ಯ. ಆದರೆ ಆ ಅಧ್ಯಾಯದಲ್ಲಿ ವಿಧವೆಯರ ಕುರಿತ ಭಾಗ ಅವರನ್ನು ಸನ್ಮಾನಿಸಬೇಕೆಂಬ ಅಪ್ಪಣೆಯಿಂದ ಆರಂಭವಾಗುತ್ತದೆ. 1834ರ ವ್ಯವಸ್ಥೆ ಆಯ್ಕೆಯನ್ನು ಉಳಿಸಿಕೊಂಡು ಸನ್ಮಾನವನ್ನು ಕೈಬಿಟ್ಟಿತು.

ತೆರಿಗೆದಾರರು ಸಂತೋಷಪಟ್ಟರು. 1834ರಲ್ಲಿ 60 ಲಕ್ಷ ಪೌಂಡುಗಳಿಗೂ ಮಿಕ್ಕಿದ್ದ ವೆಚ್ಚ ಮೂರು ವರ್ಷಗಳಲ್ಲಿ 40 ಲಕ್ಷದ ಆಸುಪಾಸಿಗೆ ಇಳಿಯಿತು. ಬಡವರಿಗೆ ಉಳಿದದ್ದು ಭಯ. 1832ರ ಅಂಗರಚನಾ ಕಾಯಿದೆಯ ಪ್ರಕಾರ ವರ್ಕ್‌ಹೌಸಿನಲ್ಲಿ ಸತ್ತವನ ಶವವನ್ನು ಕೇಳುವವರು ಬಾರದಿದ್ದರೆ ಅದು ವೈದ್ಯಶಾಲೆಯ ಮೇಜಿಗೆ ಹೋಗಬಹುದಾಗಿತ್ತು; ಪುನರುತ್ಥಾನದ ನಿರೀಕ್ಷೆಯಲ್ಲಿ ಮಣ್ಣಾಗಬೇಕೆಂದು ಬಯಸುವ ಜನರಿಗೆ ಇದಕ್ಕಿಂತ ದೊಡ್ಡ ಭೀತಿ ಇರಲಾರದು. 1845ರಲ್ಲಿ ಆಂಡೋವರ್ ಎಂಬ ಊರಿನ ವರ್ಕ್‌ಹೌಸಿನಲ್ಲಿ ಗೊಬ್ಬರಕ್ಕಾಗಿ ಮೂಳೆ ಕುಟ್ಟುತ್ತಿದ್ದ ನಿವಾಸಿಗಳು ಹಸಿವು ತಾಳಲಾರದೆ ಆ ಮೂಳೆಗಳಿಗಂಟಿದ್ದ ಕೊಳೆತ ಮಾಂಸವನ್ನೂ ಮಜ್ಜೆಯನ್ನೂ ತಿಂದರೆಂಬುದು ಹೊರಬಿದ್ದು ದೇಶವೇ ತಲೆತಗ್ಗಿಸಿತು.

ಸಭೆಯೊಳಗಿಂದ ಎದ್ದ ಎದುರುಧ್ವನಿಗಳನ್ನೂ ಹೇಳಲೇಬೇಕು. ಯಾರ್ಕ್‌ಷೈರಿನ ಬೈಯರ್ಲಿಯ ಸಭಾಪಾಲಕ ಜಾರ್ಜ್ ಬುಲ್ ಹೊಸ ಕಾನೂನನ್ನು ಬಹಿರಂಗವಾಗಿ ಖಂಡಿಸಿದರು. ಮೆಥೊಡಿಸ್ಟ್ ಬೋಧಕ ಜೋಸೆಫ್ ರೇನರ್ ಸ್ಟೀಫನ್ಸ್ ದೇವರು ಕೂಡಿಸಿದ ದಂಪತಿಗಳನ್ನು ಅಗಲಿಸುವ ಕಾನೂನನ್ನು ಕಾನೂನೆಂದೇ ಒಪ್ಪಲಿಲ್ಲ. ಅವರ ಭಾಷಣಗಳು ಎಷ್ಟು ಉಗ್ರವಾಗಿದ್ದವೆಂದರೆ 1838ರ ಕೊನೆಯಲ್ಲಿ ಬಂಧನವಾಗಿ, ಮರುವರ್ಷ ಹದಿನೆಂಟು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಬ್ಲಾಮ್‌ಫೀಲ್ಡರೂ ಸ್ಟೀಫನ್ಸರೂ ಓದುತ್ತಿದ್ದದ್ದು ಒಂದೇ ಸತ್ಯವೇದವನ್ನು. ಒಬ್ಬರು ಬಡವನನ್ನು ತೆರಿಗೆಯ ಲೆಕ್ಕದ ಕಡೆಯಿಂದ ನೋಡಿದರು, ಇನ್ನೊಬ್ಬರು ಅವನ ಮನೆಯ ಒಳಗಿನಿಂದ.

ಹೊಸ ದಾರಿಯೊಂದು ತೆರೆದದ್ದು 1878ರಲ್ಲಿ, ಮತ್ತೊಬ್ಬ ಯಾಜಕರ ಲೇಖನಿಯಿಂದ. ಕ್ಯಾನನ್ ವಿಲಿಯಂ ಬ್ಲ್ಯಾಕ್ಲಿ ಒಂದು ಮಾಸಪತ್ರಿಕೆಯಲ್ಲಿ ಕಡ್ಡಾಯ ರಾಷ್ಟ್ರೀಯ ವಿಮೆಯ ಯೋಜನೆಯನ್ನು ಮುಂದಿಟ್ಟರು. ಇಪ್ಪತ್ತೊಂದು ವಯಸ್ಸಾಗುವುದರೊಳಗೆ ಪ್ರತಿಯೊಬ್ಬನೂ ಹತ್ತು ಪೌಂಡು ಕಟ್ಟಬೇಕು. ಕಾಯಿಲೆಬಿದ್ದಾಗ ವಾರಕ್ಕೆ ಎಂಟು ಶಿಲ್ಲಿಂಗ್, ಎಪ್ಪತ್ತು ದಾಟಿದ ಮೇಲೆ ನಾಲ್ಕು ಶಿಲ್ಲಿಂಗ್ ಸಿಗಬೇಕು. ಲೆಕ್ಕದಲ್ಲಿ ತೊಡಕುಗಳಿದ್ದವು, ಕೂಲಿಕಾರರ ಪರಸ್ಪರ ಸಹಾಯ ಸಂಘಗಳೂ ಇದನ್ನು ವಿರೋಧಿಸಿದವು. ಆದರೆ ‘ಪ್ರತಿಯೊಬ್ಬನೂ’ ಎಂಬ ಪದ ಚರ್ಚೆಗೆ ಬಂತು. ಅದನ್ನು ಚಳವಳಿಯಾಗಿಸಿದವರು ದಕ್ಷಿಣ ಲಂಡನಿನ ವಾಲ್‌ವರ್ತ್‌ನಲ್ಲಿ ಬ್ರೌನಿಂಗ್ ಸೇವಾಕೇಂದ್ರವನ್ನು ನಡೆಸುತ್ತಿದ್ದ ಕಾಂಗ್ರೆಗೇಷನಲ್ ಸಭೆಯ ಫ್ರಾನ್ಸಿಸ್ ಹರ್ಬರ್ಟ್ ಸ್ಟೆಡ್. ನ್ಯೂಜಿಲೆಂಡಿನಲ್ಲಿ 1898ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾಯಿದೆಯಾದ ಸುದ್ದಿ ಬಂದಾಗ ಅವರು ಕಾರ್ಮಿಕ ಮುಖಂಡರನ್ನೂ, ಲಂಡನಿನ ಬಡತನವನ್ನು ಬೀದಿಬೀದಿಯಾಗಿ ಅಳೆದ ಚಾರ್ಲ್ಸ್ ಬೂತರನ್ನೂ ಒಟ್ಟುಗೂಡಿಸಿದರು. ಅವರಿಗೆ ಎದುರಾಗಿ ನಿಂತದ್ದು ದಾನಸಂಘಟನಾ ಸಂಘ. ಶೀಲ ವಿಚಾರಿಸದೆ ಕೊಟ್ಟ ಹಣ ಶೀಲವನ್ನೇ ಕೆಡಿಸುತ್ತದೆಂದು ಆ ಸಂಘದ ಉದಾರಿಗಳು ಮನಃಪೂರ್ವಕವಾಗಿ ನಂಬಿದ್ದರು.

1908ರ ಪಿಂಚಣಿ ಕಾಯಿದೆ ಎಪ್ಪತ್ತು ವರ್ಷ ದಾಟಿದ, ಆದಾಯ ಅತ್ಯಲ್ಪವಿದ್ದವರಿಗೆ ವಾರಕ್ಕೆ ಐದು ಶಿಲ್ಲಿಂಗಿನವರೆಗೆ ಕೊಟ್ಟಿತು. ಮೊತ್ತ ಚಿಕ್ಕದು, ಶೀಲದ ಷರತ್ತುಗಳೂ ಪೂರ್ತಿ ಹೋಗಿರಲಿಲ್ಲ, ಅದೇ ವರ್ಷ ಬಡವರ ಕಾನೂನಿನ ಸಹಾಯ ಪಡೆದವರನ್ನು ಮೊದಲೆರಡು ವರ್ಷ ಹೊರಗಿಡಲಾಯಿತು. ಆದರೂ ಎರಡು ಸಂಗತಿಗಳು ಎಲ್ಲವನ್ನೂ ಬದಲಿಸಿದವು. ಬಡವರ ಕಾನೂನಿನ ಸಹಾಯ ಪಡೆದವನು 1918ರವರೆಗೆ ಮತದಾನದ ಹಕ್ಕನ್ನು ಕಳೆದುಕೊಳ್ಳುತ್ತಿದ್ದನು. ಪಿಂಚಣಿಯಿಂದ ಯಾವ ಹಕ್ಕಿಗೂ ಚ್ಯುತಿಯಿಲ್ಲವೆಂದು ಹೊಸ ಕಾಯಿದೆ ಸ್ಪಷ್ಟವಾಗಿ ಬರೆಯಿತು. ಎರಡನೆಯದು, ಹಣವನ್ನು ಪಡೆಯುವ ಸ್ಥಳ. 1909ರ ಜನವರಿ 1ರಂದು ಮುದುಕರು ಹೋದದ್ದು ಬಡವರ ಪಾಲಕಮಂಡಲಿಯ ಕಚೇರಿಗಲ್ಲ, ಅಂಚೆಕಚೇರಿಗೆ. ಊರಿನ ವ್ಯಾಪಾರಿ ಅಂಚೆಚೀಟಿ ಕೊಳ್ಳುವ ಕಿಟಕಿಯಲ್ಲಿಯೇ ಅವರೂ ನಿಂತರು. ಮೊದಲ ಮೂರು ತಿಂಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಅವರಲ್ಲಿ ಎಷ್ಟೋ ಮಂದಿ ಅದುವರೆಗೆ ಹಸಿದುಕೊಂಡಿದ್ದರೂ ಪ್ಯಾರಿಷಿನ ಮುಂದೆ ಕೈಚಾಚಿದವರಲ್ಲ. ಈ ಪಿಂಚಣಿಯನ್ನು ರದ್ದುಮಾಡುವೆನೆಂದು ಹೇಳುವ ಧೈರ್ಯ ಆಮೇಲೆ ಯಾವ ಪಕ್ಷಕ್ಕೂ ಬರಲಿಲ್ಲ.

1911ರಲ್ಲಿ ಆರೋಗ್ಯಕ್ಕೂ ಕೆಲವು ಉದ್ಯಮಗಳ ನಿರುದ್ಯೋಗಕ್ಕೂ ವಿಮೆ ಬಂತು. ಇನ್ನು ಹಿಂದಿರುಗುವ ಮಾತಿಲ್ಲವೆಂದು ತೋರಿದಾಗ 1931ರ ಆರ್ಥಿಕ ಕುಸಿತ ಬಂತು. ನಿರುದ್ಯೋಗದ ಭತ್ಯೆಯನ್ನು ನೂರಕ್ಕೆ ಹತ್ತರಂತೆ ಕಡಿತಗೊಳಿಸಲಾಯಿತು. ದೀರ್ಘಕಾಲ ಕೆಲಸವಿಲ್ಲದವರಿಗೆ ಕುಟುಂಬದ ಆದಾಯಪರೀಕ್ಷೆ ವಿಧಿಸಲಾಯಿತು. ಅಧಿಕಾರಿ ಮನೆಯೊಳಗೆ ಬಂದು ಸಾಮಾನುಗಳನ್ನು ನೋಡುತ್ತಿದ್ದನು; ಮಗ ಗಳಿಸಿದ್ದನ್ನು ತಂದೆಯ ಭತ್ಯೆಯಿಂದ ಕಳೆಯುತ್ತಿದ್ದನು. ತಂದೆ ಮಗನ ಅನ್ನ ತಿನ್ನುವವನಾದನು. ಮಕ್ಕಳು ಮನೆಬಿಟ್ಟು ಹೋದರು. ತೋಳಿನ ಮೇಲೆ ಬಟ್ಟೆಯ ಅಕ್ಷರವಿರಲಿಲ್ಲ, ಅಷ್ಟೆ. 1935ರ ಆರಂಭದಲ್ಲಿ ಹೊಸ ದರಗಳು ಜಾರಿಗೆ ಬಂದಾಗ ದಕ್ಷಿಣ ವೇಲ್ಸಿನ ಗಣಿಕಣಿವೆಗಳಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು. ಸರಕಾರ ಹಿಂದೆ ಸರಿಯಬೇಕಾಯಿತು.

ಇದಕ್ಕೆ ಒಂದು ವರ್ಷ ಮೊದಲು, 1934ರ ವಸಂತದಲ್ಲಿ, ಆಗ ಯಾರ್ಕಿನ ಆರ್ಚ್‌ಬಿಷಪರಾಗಿದ್ದ ಟೆಂಪಲ್ ಮಾಡಿದ ಒಂದು ಕೆಲಸವನ್ನು ಅವರ ಗ್ರಂಥಗಳಿಗಿಂತಲೂ ಹೆಚ್ಚಿನದೆಂದು ನಾನೆಣಿಸುತ್ತೇನೆ. ಆಯವ್ಯಯದಲ್ಲಿ ಹಣ ಉಳಿಯುವುದೆಂಬ ಸುದ್ದಿಯಿತ್ತು. ಆದಾಯತೆರಿಗೆ ಇಳಿಯುವ ನಿರೀಕ್ಷೆಯಿತ್ತು. ಟೆಂಪಲ್ ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದು ಕ್ರೈಸ್ತ ತೆರಿಗೆದಾರರಿಗೆ ಒಂದು ಕರೆಕೊಟ್ಟರು: ನಮ್ಮ ತೆರಿಗೆ ಇಳಿಸುವ ಮೊದಲು ನಿರುದ್ಯೋಗಿಗಳ ಭತ್ಯೆಯಿಂದ ಕಿತ್ತುಕೊಂಡದ್ದನ್ನು ಹಿಂದಿರುಗಿಸಿರಿ ಎಂದು ತಮ್ಮ ತಮ್ಮ ಪಾರ್ಲಿಮೆಂಟ್ ಸದಸ್ಯರಿಗೆ ತಿಳಿಸಬೇಕು. ಹಣಕಾಸು ಮಂತ್ರಿ ನೆವಿಲ್ ಚೇಂಬರ್ಲಿನ್ ಸಿಟ್ಟಾದರು. ಆಯವ್ಯಯ ಬಿಷಪರ ವಿಷಯವಲ್ಲವೆಂಬುದು ಅನೇಕರ ಭಾವನೆಯೂ ಆಗಿತ್ತು. ಕೊನೆಗೆ ಮಂಡನೆಯಾದ ಆಯವ್ಯಯದಲ್ಲಿ ತೆರಿಗೆಯೂ ಪೌಂಡಿಗೆ ಆರು ಪೆನ್ಸ್ ಇಳಿಯಿತು, ಭತ್ಯೆಯ ಕಡಿತವೂ ರದ್ದಾಯಿತು. ಇದು ಆ ಪತ್ರದ ಫಲವೆಂದು ಸಾಧಿಸಲಾಗದು. ಗಮನಿಸಬೇಕಾದದ್ದು ಕರೆಯ ಸ್ವರೂಪ. ಟೆಂಪಲ್ ಕಾಣಿಕೆ ಕೇಳಲಿಲ್ಲ, ಸೂಪುಗೃಹ ತೆರೆಯಲಿಲ್ಲ. ಉಳ್ಳವರನ್ನು ತೆರಿಗೆದಾರರನ್ನಾಗಿಯೇ ಸಂಬೋಧಿಸಿದರು. ಕೊಡಲೊಲ್ಲದವನಿಗೆ ಬುದ್ಧಿಹೇಳಬೇಕೆಂದು 1552ರ ಕಾಯಿದೆ ಬಿಷಪರ ಮೇಲೆ ಹೊರಿಸಿದ್ದ ಕರ್ತವ್ಯವನ್ನು ಅವರು, ಬಹುಶಃ ತಿಳಿಯದೆಯೇ, ನೆರವೇರಿಸಿದರು. ಬ್ಲಾಮ್‌ಫೀಲ್ಡರು ಬಡವನಿಗೆ ಮಿತವ್ಯಯ ಬೋಧಿಸಿದ್ದರು. ಟೆಂಪಲ್ ಮಾತಾಡಿದ್ದು ಸಾಲಿನ ಇನ್ನೊಂದು ತುದಿಯಲ್ಲಿದ್ದವನೊಂದಿಗೆ. ಅವರ ಪ್ರೇರಣೆಯಿಂದಲೇ ನಿರುದ್ಯೋಗದ ಕುರಿತ ಒಂದು ವಿಸ್ತಾರವಾದ ಅಧ್ಯಯನವೂ ಆರಂಭವಾಗಿ 1938ರಲ್ಲಿ ಪುಸ್ತಕವಾಗಿ ಬಂತು. ಕೆಲಸವಿಲ್ಲದವರ ಮನೆಗಳಿಗೆ ಹೋಗಿ ಕೇಳಿ ಬರೆದದ್ದು.

ಬೆವರಿಜ್ ಭಕ್ತರೇನೂ ಅಲ್ಲ. ಅವರು ಹುಟ್ಟಿದ್ದು 1879ರಲ್ಲಿ, ನಮ್ಮ ಬಂಗಾಳದ ರಂಗಪುರದಲ್ಲಿ. ತಂದೆ ಇಂಡಿಯನ್ ಸಿವಿಲ್ ಸರ್ವಿಸಿನ ನ್ಯಾಯಾಧೀಶರು, ತಾಯಿ ಬಾಬರನ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದವರು. ಆಕ್ಸ್‌ಫರ್ಡ್ ಮುಗಿಸಿದ ಮೇಲೆ ಅವರು 1903ರಲ್ಲಿ ಸೇರಿದ್ದು ಟಾಯ್ನ್‌ಬಿ ಹಾಲ್ ಎಂಬ ನೆಲೆಗೆ. ಅದು ಪೂರ್ವ ಲಂಡನಿನ ಬಡವಸತಿಯಲ್ಲಿ ಸಭಾಪಾಲಕ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ 1884ರಲ್ಲಿ ಸ್ಥಾಪಿಸಿದ್ದು. ಬಡವರಿಗೆ ಏನನ್ನಾದರೂ ಕೊಡುವ ಮೊದಲು ಅವರ ನಡುವೆ ವಾಸಿಸಬೇಕೆಂಬುದು ಬಾರ್ನೆಟ್ಟರ ನಿಲುವು. ಬೆವರಿಜರ ಭಾವ, ಕ್ರೈಸ್ತ ಚಿಂತಕ ಆರ್. ಎಚ್. ಟಾನಿಯವರೂ ಅಲ್ಲಿದ್ದರು, ಟಾನಿ ಟೆಂಪಲ್ಲರ ಬಾಲ್ಯಸ್ನೇಹಿತರು.

1942ರ ವರದಿಯ ಹೃದಯ ಸರಳ. ಎಲ್ಲರೂ ಒಂದೇ ದರದಲ್ಲಿ ಕಟ್ಟಬೇಕು, ಕಷ್ಟಕಾಲದಲ್ಲಿ ಎಲ್ಲರಿಗೂ ಒಂದೇ ದರದಲ್ಲಿ ಸಿಗಬೇಕು, ಆದಾಯಪರೀಕ್ಷೆ ಇರಕೂಡದು. ಯುದ್ಧವು ಜನರ ಮನಸ್ಸನ್ನು ಇದಕ್ಕೆ ಹದಮಾಡಿತ್ತು. 1939ರಲ್ಲಿ ಬಾಂಬಿಗೆ ಹೆದರಿ ನಗರದ ಕೊಳೆಗೇರಿಗಳ ಮಕ್ಕಳನ್ನು ಹಳ್ಳಿಗಳ ಸ್ಥಿತಿವಂತರ ಮನೆಗಳಿಗೆ ಕಳುಹಿಸಿದಾಗ, ಕಿತ್ತುಹೋದ ಬೂಟುಗಳ ಆ ಮಕ್ಕಳನ್ನು ಕಂಡು ಅನೇಕರಿಗೆ ತಮ್ಮ ದೇಶದ ಪರಿಚಯ ಮೊದಲ ಸಾರಿ ಆಯಿತು. ಪಡಿತರ ಪುಸ್ತಕ ಎಲ್ಲರ ಕೈಗೂ ಬಂದಿತ್ತು. ಬಾಂಬು ಬಿದ್ದ ಮನೆಯ ಒಡೆಯನಿಗೆ ಸಹಾಯ ಕೊಡುವಾಗ ಅವನ ಶೀಲವನ್ನು ಯಾರು ವಿಚಾರಿಸುತ್ತಾರೆ? ಕಿಂಗ್ಸ್‌ವೇಯ ಸಾಲಿನಲ್ಲಿ ನಿಂತವರು ಉದಾರಿಗಳಾಗಿ ನಿಂತಿರಲಿಲ್ಲ. ಅವರಿಗೆ ಹಿಂದಿನ ದಶಕದ ಅಧಿಕಾರಿಯ ನೆನಪಿತ್ತು; ಅದು ಮತ್ತೆ ತಮ್ಮ ಮನೆಗೂ ಬಾರದಿರಲೆಂಬ ನಿಶ್ಚಯವಿತ್ತು. ಪುಣ್ಯಕ್ಕಾಗಿ ಕೊಡುವವನ ಬೆಂಬಲಕ್ಕಿಂತ ಈ ಬೆಂಬಲ ಗಟ್ಟಿಯಾಗಿ ನಿಂತಿತು. 1943ರ ಫೆಬ್ರುವರಿಯಲ್ಲಿ ಸರಕಾರ ಮೀನಮೇಷ ಎಣಿಸಿದಾಗ ಕಾಮನ್ಸ್ ಸಭೆಯಲ್ಲಿ ನೂರಕ್ಕೂ ಹೆಚ್ಚು ಸದಸ್ಯರು ಅದರ ವಿರುದ್ಧ ಮತಹಾಕಿದರು. 1945ರ ಚುನಾವಣೆಯಲ್ಲಿ ಜನರೂ ತಮ್ಮ ಮಾತು ಹೇಳಿದರು. ಟೆಂಪಲ್ ಅದನ್ನು ಕಾಣಲಿಲ್ಲ. 1944ರ ಅಕ್ಟೋಬರ್ 26ರಂದು ಅವರು ತೀರಿಕೊಂಡಿದ್ದರು.

1948ರ ಜುಲೈ 5ರಂದು ರಾಷ್ಟ್ರೀಯ ವಿಮೆ ಮತ್ತು ರಾಷ್ಟ್ರೀಯ ಆರೋಗ್ಯಸೇವೆ ಆರಂಭವಾದವು. ರಾಷ್ಟ್ರೀಯ ಸಹಾಯ ಕಾಯಿದೆಯು ಬಡವರ ಕಾನೂನು ಇನ್ನಿಲ್ಲವೆಂದು ತನ್ನ ಆರಂಭದಲ್ಲಿಯೇ ಘೋಷಿಸಿತು. ಆದರೆ ಹೊಸ ಮನೆಯಲ್ಲಿ ಒಂದು ಹಳೆಯ ಕೋಣೆ ಉಳಿಯಿತು. ವಿವಾಹಿತ ಸ್ತ್ರೀಯರನ್ನು ಬೆವರಿಜ್ ಬಹುಮಟ್ಟಿಗೆ ಗಂಡನ ಆಶ್ರಿತರೆಂದೇ ಲೆಕ್ಕಹಾಕಿದ್ದರು. ವಿಮೆಯ ಪಿಂಚಣಿ ಅದೊಂದರಿಂದಲೇ ಬದುಕುವಷ್ಟಿರಲಿಲ್ಲ. ಕೊರತೆ ತುಂಬಲು ಆದಾಯಪರೀಕ್ಷೆಯಿದ್ದ ರಾಷ್ಟ್ರೀಯ ಸಹಾಯವನ್ನೇ ಬೇಡಬೇಕಾಗುತ್ತಿತ್ತು. ಬೆವರಿಜ್ ಅದು ಕಾಲಕ್ರಮದಲ್ಲಿ ಸೊರಗುವುದೆಂದು ಎಣಿಸಿದ್ದರು, ಅದು ಬೆಳೆಯಿತು. ಜನಬೆಂಬಲವೂ ಅದೇ ಗೆರೆಯ ಉದ್ದಕ್ಕೆ ಸೀಳಿಕೊಂಡಿತು. ಎಲ್ಲರೂ ಹೋಗುವ ಆಸ್ಪತ್ರೆಗೂ ಎಲ್ಲರೂ ಮುಟ್ಟುವ ಪಿಂಚಣಿಗೂ ಬ್ರಿಟನ್ನಿನ ಜನ ಇಂದಿನವರೆಗೂ ಬೆಂಬಲವಾಗಿ ನಿಂತಿದ್ದಾರೆ; ಪರೀಕ್ಷೆಗೊಳಪಟ್ಟು ಪಡೆಯುವ ನಿರುದ್ಯೋಗಿಯ ಭತ್ಯೆಯ ವಿಷಯದಲ್ಲಿ ಮಾತ್ರ ಹಳೆಯ ಸಂದೇಹ ಪದೇಪದೇ ತಲೆಯೆತ್ತುತ್ತದೆ.

1966ರಲ್ಲಿ ರಾಷ್ಟ್ರೀಯ ಸಹಾಯದ ಹೆಸರನ್ನೇ ಬದಲಿಸಿ, ಅದು ಹಕ್ಕೆಂದು ಕಾನೂನಿನಲ್ಲಿ ಬರೆದರು. ಪಿಂಚಣಿಯ ಪುಸ್ತಕದೊಂದಿಗೇ ಅದನ್ನೂ ಸೇರಿಸಿಕೊಟ್ಟರು, ಅಂಚೆಕಚೇರಿಯ ಕಿಟಕಿಯಲ್ಲಿ ಎರಡರ ವ್ಯತ್ಯಾಸ ಕಾಣದಿರಲೆಂದು. ಅಷ್ಟರಲ್ಲಿ, ಅರ್ಹತೆಯಿದ್ದೂ ಲಕ್ಷಗಟ್ಟಲೆ ವೃದ್ಧರು ಅದನ್ನು ಕೇಳಿರಲೇ ಇಲ್ಲವೆಂಬುದು ಸರಕಾರಕ್ಕೆ ತಿಳಿದಿತ್ತು. ಹಳೆಯ ವರ್ಕ್‌ಹೌಸುಗಳ ಕಟ್ಟಡಗಳಲ್ಲಿ ಅನೇಕವು ಆಗ ಆರೋಗ್ಯಸೇವೆಯ ಆಸ್ಪತ್ರೆಗಳಾಗಿದ್ದವು. ಗೋಡೆಗಳಿಗೆ ಸುಣ್ಣ ಬಳಿದಿತ್ತು, ಫಲಕ ಬದಲಾಗಿತ್ತು, ಹಾಸಿಗೆಯಲ್ಲಿ ಮಲಗಿದವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆದರೂ ಕಾಯಿಲೆ ಬಿದ್ದ ಎಷ್ಟೋ ಮುದುಕಿಯರು ಆ ಬಾಗಿಲನ್ನು ಕಂಡೊಡನೆ, ಮನೆಯಲ್ಲಿಯೇ ಸಾಯುತ್ತೇನೆ, ಅಲ್ಲಿಗೆ ಮಾತ್ರ ಬೇಡವೆಂದು ಮಕ್ಕಳ ಕೈ ಹಿಡಿದು ಬೇಡಿಕೊಳ್ಳುತ್ತಿದ್ದರು.